ಯಾವುದರಿಂದ ಮಾಡಿದ್ದಾರೆ, ಅದರಿಂದಲೇ ಯಾಕೆ?

(ಚಿಕ್ಕಮಗಳೂರಿನಲ್ಲಿ ಒಂದು ಸಮೂಹ ಕಲಾ ಪ್ರದರ್ಶನದ ಜೊತೆಗೆ ಏರ್ಪಾಡಾಗಿದ್ದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪಕ್ಕದ ಹಾಲ್‌ನಲ್ಲಿ ಪ್ರದರ್ಶನ ನೋಡಿಕೊಂಡೇ ನೀವೆಲ್ಲ ಇಲ್ಲಿಗೆ ಬಂದು ಕೂತಿದ್ದೀರಿ. ಅಲ್ಲಿ ತೈಲವರ್ಣದ ಕ್ಯಾನ್ವಾಸ್ ಇದೆ, ಜಲವರ್ಣ ಇದೆ, ಮರದ ಹಲಗೆ ಕೆತ್ತಿ ಅಚ್ಚು ತೆಗೆದ ಚಿತ್ರಗಳಿವೆ. ಸುಟ್ಟ ಮಣ್ಣಿನ ಆಕೃತಿಗಳಿವೆ. ಗೋಣಿಚೀಲ ಹೊಲಿದು ಗೋಡೆಗೆ ಇಳಿಬಿಟ್ಟ ಕೆಲಸ ಇದೆ. ಫೋಟೋಗಳಿವೆ. ಮೂಲೆಯ ಕತ್ತಲೆ ಕೋಣೆಯಲ್ಲಿ ಒಂದು ವಿಡಿಯೋ ಓಡುತ್ತಿದೆ. ಇಷ್ಟೊಂದು ಬಗೆಯನ್ನು ಒಂದೇ ಸೂರಿನಡಿ ನೋಡಿದಾಗ ಎಲ್ಲಿಂದ ಶುರು ಮಾಡಬೇಕು ಅಂತ ತಿಳಿಯದೇ ಹೋಗುವುದು ಸಹಜ. ಬೆಳಿಗ್ಗೆಯಿಂದ ನನ್ನ ಕಿವಿಗೆ ಹೆಚ್ಚಾಗಿ ಬಿದ್ದ ಮಾತು ಇದು: "ಚೆನ್ನಾಗಿದೆ, ಆದರೆ ಇದರ ಅರ್ಥ ಏನು?"

ಆ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ ಅಂತ ನನ್ನ ಕೋರಿಕೆ. ಅದರ ಬದಲು ಬೇರೆ ಎರಡು ಪ್ರಶ್ನೆ ಕೇಳಿ. ಇದನ್ನು ಯಾವುದರಿಂದ ಮಾಡಿದ್ದಾರೆ? ಅದರಿಂದಲೇ ಯಾಕೆ ಮಾಡಿದ್ದಾರೆ? ಇವೆರಡಕ್ಕೆ ಉತ್ತರ ಹುಡುಕುತ್ತಾ ಹೋದರೆ ಅರ್ಥ ಅರ್ಧ ದಾರಿಗೇ ಬಂದು ಎದುರಾಗುತ್ತದೆ. ಇದನ್ನು ಕೇಳುವುದಕ್ಕೆ ಕಲಾಶಾಲೆಯ ಡಿಗ್ರಿ ಬೇಕಿಲ್ಲ. ಮಣ್ಣು, ಮರ, ನೂಲು, ಕಲ್ಲು ಮುಟ್ಟಿ ಕೆಲಸ ಮಾಡಿದ ಕೈ ಇದ್ದರೆ ಸಾಕು. ಅಂಥ ಕೈಗಳು ಈ ಊರಿನಲ್ಲಿ ಬೇಕಾದಷ್ಟಿವೆ.

ಹತ್ತಿರದ ಉದಾಹರಣೆಯನ್ನೇ ತೆಗೆದುಕೊಳ್ಳುತ್ತೇನೆ. ಬೇಲೂರಿಗೆ ನೀವೆಲ್ಲ ಹೋಗಿದ್ದೀರಿ. ಮನೆಗೆ ನೆಂಟರು ಬಂದಾಗಲೆಲ್ಲ ಹೋಗಿರುತ್ತೀರಿ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಆ ದೇವಸ್ಥಾನದಲ್ಲಿ ಮದನಿಕೆಯ ಬಳೆ, ಜಡೆಯ ಹೆಣಿಗೆ, ತಲೆಯ ಮೇಲಿನ ಬಳ್ಳಿಯ ಎಲೆ ಎಲ್ಲವೂ ಬಿಡಿಬಿಡಿಯಾಗಿ ಕಾಣುತ್ತವೆ. ಶಿಲ್ಪಿಯ ಕೈಚಳಕ ಅಂತ ಹೇಳಿ ಮುಂದೆ ಹೋಗುತ್ತೇವೆ. ಕೈಚಳಕ ನಿಜ. ಆದರೆ ಕಲ್ಲು? ಅದು ಬಳಪದ ಕಲ್ಲು. ನೆಲದಿಂದ ತೆಗೆದ ಹೊಸದರಲ್ಲಿ ಮೆತ್ತಗಿರುತ್ತದೆ. ಸಣ್ಣ ಉಳಿಗೂ ಒಪ್ಪಿಕೊಳ್ಳುತ್ತದೆ. ಗಾಳಿಗೆ ಬಿದ್ದು ಕಾಲ ಕಳೆದಂತೆ ಗಟ್ಟಿಯಾಗುತ್ತದೆ. ಈಗ ಅಲ್ಲಿಂದ ಶ್ರವಣಬೆಳಗೊಳಕ್ಕೆ ಬನ್ನಿ. ಗೊಮ್ಮಟನದು ಗ್ರಾನೈಟ್. ಬೆಟ್ಟದ ತುದಿಯ ಬಂಡೆಯಲ್ಲೇ ಬಿಡಿಸಿದ 57 ಅಡಿಯ ಮೂರ್ತಿ. ಅಲ್ಲಿ ಕುಸುರಿ ಇಲ್ಲ. ಕಾಲು, ತೋಳು ಹತ್ತಿದ ಬಳ್ಳಿ, ಗುಂಗುರು ಕೂದಲು ಬಿಟ್ಟರೆ ಉಳಿದದ್ದೆಲ್ಲ ದೊಡ್ಡ, ನುಣುಪಾದ, ಸಮಾಧಾನದ ಮೈ. ಧರ್ಮ ಬೇರೆ, ಕಾಲ ಬೇರೆ, ಹೇಳಬೇಕಾದ ವಿಷಯವೂ ಬೇರೆ, ಒಪ್ಪುತ್ತೇನೆ. ಆದರೂ ಆ ಸಮಾಧಾನದಲ್ಲಿ ಗ್ರಾನೈಟಿನ ಪಾಲು ಇದೆ. ಬಳಪದ ಕಲ್ಲು ಮಾತಿಗೆ ಮಾತು ಸೇರಿಸಲು ಬಿಡುತ್ತದೆ. ಗ್ರಾನೈಟ್ ಬಿಡುವುದಿಲ್ಲ. ಕಲಾವಿದ ತನ್ನ ವಸ್ತುವನ್ನು ಆರಿಸಿಕೊಂಡ ಗಳಿಗೆಯಲ್ಲೇ ಹೇಳುವುದರ ಅರ್ಧ ಭಾಗ ತೀರ್ಮಾನವಾಗಿರುತ್ತದೆ.

ಇದೇ ಕಣ್ಣಿನಿಂದ ನಮ್ಮ ಕಾಲದ ಕೆಲಸಗಳನ್ನು ನೋಡೋಣ. ಇಲ್ಲಿ ನಾನು ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುವುದು ಒಬ್ಬರ ಬಳಿ: ಶೀಲಾ ಗೌಡ. 1957ರಲ್ಲಿ ಹುಟ್ಟಿದ್ದು ನಮ್ಮ ಪಕ್ಕದ ಭದ್ರಾವತಿಯಲ್ಲಿ. ಬೆಂಗಳೂರಿನಲ್ಲಿ ಆರ್.ಎಂ. ಹಡಪದ್ ಅವರ ಕೆನ್ ಕಲಾಶಾಲೆಯಲ್ಲಿ ಕಲಿತರು. ಆಮೇಲೆ ಬರೋಡ, ಶಾಂತಿನಿಕೇತನ, ಲಂಡನ್. ಶುರುವಿನಲ್ಲಿ ಅವರು ಚಿತ್ರ ಬರೆಯುತ್ತಿದ್ದವರು. 1990ರ ದಶಕದ ಆರಂಭದಲ್ಲಿ ದೇಶದಲ್ಲಿ ನಡೆದ ಹಿಂಸೆಯನ್ನು ನೋಡಿದ ಮೇಲೆ ಬರೀ ಬಣ್ಣ, ಕ್ಯಾನ್ವಾಸ್ ಅವರಿಗೆ ಸಾಕಾಗಲಿಲ್ಲ. ಸಗಣಿ ಕೈಗೆತ್ತಿಕೊಂಡರು.

ಸಗಣಿ ಅಂದಾಗ ದೊಡ್ಡ ಊರಿನ ಗ್ಯಾಲರಿಗಳಲ್ಲಿ ಜನ ಬೆಚ್ಚಿ ನೋಡಿದ್ದಿರಬಹುದು. ನಮ್ಮಲ್ಲಿ ಕಣ ಸಾರಿಸಿದವರು ಬೆಚ್ಚುವುದಿಲ್ಲ. ಅದು ನೆಲ ಶುದ್ಧ ಮಾಡುತ್ತದೆ, ಒಲೆ ಉರಿಸುತ್ತದೆ, ಗೊಬ್ಬರವಾಗುತ್ತದೆ. ಅದನ್ನು ತಟ್ಟುವುದು, ಸಾರಿಸುವುದು ಬಹುಪಾಲು ಹೆಂಗಸರ ದುಡಿಮೆ. ಪೂಜೆಗೂ ಬರುತ್ತದೆ, ರಾಜಕೀಯಕ್ಕೂ ಬರುತ್ತದೆ. ಇಷ್ಟು ಸಂಗತಿಗಳನ್ನು ಆ ವಸ್ತು ಮೊದಲೇ ಹೊತ್ತು ಬಂದಿದೆ. ಎಣ್ಣೆ ಬಣ್ಣದಲ್ಲಿ ಇವನ್ನೆಲ್ಲ ಹೇಳಲು ಹೋಗಿದ್ದರೆ ಹತ್ತು ಚಿತ್ರ ಬೇಕಾಗುತ್ತಿತ್ತೇನೋ.

ಅವರ 2009ರ ಕೆಲಸ ಒಂದಿದೆ, ಹೆಸರು 'ಬಿಹೋಲ್ಡ್'. ಆ ವರ್ಷ ವೆನಿಸ್ ಬಿಯೆನಾಲೆಯಲ್ಲಿ, ಅಂದರೆ ಎರಡು ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಕಲಾ ಪ್ರದರ್ಶನದಲ್ಲಿ ಇತ್ತು, ಈಗ ಲಂಡನ್ನಿನ ಟೇಟ್ ಕಲಾ ಸಂಗ್ರಹಾಲಯದಲ್ಲಿದೆ. ಅದರಲ್ಲಿ ಇರುವುದು ಎರಡೇ ವಸ್ತು. ಒಂದು, ಮನುಷ್ಯರ ಕೂದಲಿನಿಂದ ಹೊಸೆದ ಹಗ್ಗ, ಸುಮಾರು 4 ಕಿಲೋಮೀಟರಿನಷ್ಟು. ಇನ್ನೊಂದು, ಕಾರಿನ ಬಂಪರ್‌ಗಳು, ಇಪ್ಪತ್ತರಷ್ಟು. ಆ ಭಾರದ ಉಕ್ಕಿನ ಬಂಪರ್‌ಗಳು ಗೋಡೆಯ ಮೇಲೆ ಕೂದಲಿನ ಹಗ್ಗದಲ್ಲೇ ನೇತಾಡುತ್ತವೆ. ಲಂಡನ್ನಿನಲ್ಲಿ ನೋಡುವವರಿಗೆ ಇದನ್ನು ವಿವರಿಸಿ ಹೇಳಬೇಕು. ನಿಮಗೆ ಬೇಡ. ದೃಷ್ಟಿ ತಾಗದಿರಲಿ, ಅಪಘಾತ ಆಗದಿರಲಿ ಅಂತ ಬಂಪರ್‌ಗೆ ಕರಿ ಹಗ್ಗ ಸುತ್ತಿದ ಗಾಡಿಗಳು ಚಾರ್ಮಾಡಿ ಘಾಟಿ ಇಳಿಯುವುದನ್ನು ನೀವು ನೋಡಿದ್ದೀರಿ. ಮುಡಿ ಕೊಟ್ಟು ಬಂದ ಮನೆಗಳೂ ಇಲ್ಲಿವೆ. ಯಾರದೋ ಹರಕೆಯ ಕೂದಲು ಇನ್ಯಾರದೋ ಗಾಡಿಗೆ ಕಾವಲಾಗುತ್ತದೆ. ಮೈಯ ತುಂಬ ಸಣ್ಣ ಭಾಗ ಅಷ್ಟು ದೊಡ್ಡ ಯಂತ್ರವನ್ನು ಹಿಡಿದು ನಿಲ್ಲಿಸಿದೆ. ಈ ಕೆಲಸದ ಮುಂದೆ ಚಿಕ್ಕಮಗಳೂರಿನ ಒಬ್ಬ ಲಾರಿ ಡ್ರೈವರ್ ನಿಂತರೆ, ವಿಮರ್ಶಕರಿಗಿಂತ ಒಂದು ಹೆಜ್ಜೆ ಮುಂದೆಯೇ ನಿಂತಿರುತ್ತಾರೆ ಅಂತ ನನ್ನ ನಂಬಿಕೆ.

ಮೂರನೆಯದು ನನಗೆ ತುಂಬಾ ಇಷ್ಟ. 2012ರ ಡಿಸೆಂಬರ್ 12ರಂದು ಕೊಚ್ಚಿಯಲ್ಲಿ ಮೊದಲ ಬಿಯೆನಾಲೆ ಶುರುವಾಯಿತು. ಅಲ್ಲಿ ಶೀಲಾ ಗೌಡ ಮತ್ತು ಸ್ವಿಸ್ ಕಲಾವಿದ ಕ್ರಿಸ್ಟಾಫ್ ಸ್ಟೋರ್ಜ್ ಸೇರಿ ಒರಳುಕಲ್ಲುಗಳನ್ನು ತಂದಿಟ್ಟರು. ನೂರಕ್ಕೂ ಹೆಚ್ಚು. ಎಲ್ಲವೂ ಬೆಂಗಳೂರಿನವು. ಮಿಕ್ಸಿ ಬಂತು, ಗ್ರೈಂಡರ್ ಬಂತು, ಹಳೇ ಮನೆ ಕೆಡವಿ ಹೊಸದು ಕಟ್ಟಿದರು, ಒರಳಿಗೆ ಜಾಗ ಇಲ್ಲ. ಆದರೆ ಒರಳನ್ನು ಒಡೆಯಲು ಯಾರಿಗೂ ಮನಸ್ಸು ಬರುವುದಿಲ್ಲ, ಅಲ್ವಾ? ಮದುವೆ ಮನೆಯಲ್ಲಿ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡಿದ್ದೇವೆ. ಹಾಗಾಗಿ ರಸ್ತೆ ಬದಿಯಲ್ಲಿ, ಮರದ ಬುಡದಲ್ಲಿ ಇಟ್ಟು ಬರುತ್ತೇವೆ. ಹಾಗೆ ಉಳಿದ ಕಲ್ಲುಗಳನ್ನು ಅವರು ಕೊಚ್ಚಿಗೆ ಸಾಗಿಸಿದರು. ಸಮುದ್ರಕ್ಕೆ ಮುಖ ಮಾಡಿದ ಹಳೇ ಗೋದಾಮಿನ ಆವರಣದಲ್ಲಿ, ಇನ್ನೇನು ಹಡಗು ಹತ್ತಲಿರುವ ಸರಕಿನ ಹಾಗೆ ಅವನ್ನು ಬಿಟ್ಟರು. ಅವುಗಳ ಮೇಲೆ ಏನನ್ನೂ ಹೊಸದಾಗಿ ಕೆತ್ತಲಿಲ್ಲ. ಕೆತ್ತುವ ಅಗತ್ಯವೂ ಇರಲಿಲ್ಲ. ಎಷ್ಟೋ ವರ್ಷ ಎಷ್ಟೋ ಹೆಂಗಸರು ರುಬ್ಬಿ ರುಬ್ಬಿ ಸವೆಸಿದ ಗುಳಿ ಅದರಲ್ಲಿ ಇದ್ದೇ ಇತ್ತು.

ಇಲ್ಲಿ ಒಬ್ಬರು ಎದ್ದು ಕೇಳಬಹುದು: ಹಾಗಾದರೆ ಕಲಾವಿದರು ಮಾಡಿದ್ದು ಏನು? ನ್ಯಾಯವಾದ ಪ್ರಶ್ನೆ. ಅವರು ಆರಿಸಿದರು, ಸಾಗಿಸಿದರು, ಜಾಗ ಬದಲಿಸಿದರು. ರಸ್ತೆ ಬದಿಯಲ್ಲಿ ಒಂದೇ ಕಲ್ಲು ಬಿದ್ದಿದ್ದರೆ ನಾವು ದಾಟಿ ಹೋಗುತ್ತೇವೆ. ನೂರಕ್ಕೂ ಹೆಚ್ಚು ಕಲ್ಲು ಒಟ್ಟಿಗೆ ಸಿಕ್ಕಾಗ, ಒಂದು ಇಡೀ ಕಾಲದ ದುಡಿಮೆ ಎಲ್ಲಿ ಹೋಯಿತು ಅಂತ ಮನಸ್ಸು ಕೇಳಲು ತೊಡಗುತ್ತದೆ. ಆ ಕೇಳುವಿಕೆಯನ್ನು ಹುಟ್ಟಿಸಿದ್ದು ಅವರ ಕೆಲಸ.

ಗೋಣಿಚೀಲದ ವಿಷಯಕ್ಕೆ ಬರುತ್ತೇನೆ. ನಮ್ಮ ಪ್ರದರ್ಶನದ ಆ ಗೋಡೆ ಮುಂದೆ ಬೆಳಿಗ್ಗೆಯಿಂದ ಜನ ಜಾಸ್ತಿ. ಅದರ ಮೇಲೆ ಮಾಸಿದ ಅಕ್ಷರಗಳಿವೆ, ಹರಿದು ಹೊಲಿದ ಜಾಗಗಳಿವೆ, ಹತ್ತಿರ ಹೋದರೆ ಒಣ ಚೆರ್ರಿಯ, ಅಂದರೆ ಒಣಗಿಸಿದ ಕಾಫಿ ಹಣ್ಣಿನ ವಾಸನೆ ಇನ್ನೂ ಇದೆ. ಇದನ್ನು ನೋಡಿದಾಗ ನನಗೆ ನೆನಪಾಗಿದ್ದು ಇಬ್ರಾಹಿಂ ಮಹಾಮ. ಆಫ್ರಿಕಾದ ಘಾನಾ ದೇಶದವರು, 1987ರಲ್ಲಿ ಹುಟ್ಟಿದವರು. ಅವರು ಹಳೇ ಗೋಣಿಚೀಲಗಳನ್ನು ಸಾವಿರಗಟ್ಟಲೆ ಸೇರಿಸಿ ಹೊಲಿಸಿ ಇಡೀ ಕಟ್ಟಡಗಳಿಗೆ ಹೊದಿಸುತ್ತಾರೆ. ಘಾನಾದ ಕೋಕೋ ಬೀಜ ತುಂಬುವುದಕ್ಕೆ ಆ ಚೀಲಗಳು ಏಷ್ಯಾದಿಂದ ಹೋಗುತ್ತವೆ. ಕೋಕೋ ಆದ ಮೇಲೆ ಬೇರೆ ಬೇರೆ ಧಾನ್ಯ, ಕೊನೆಗೆ ಇದ್ದಿಲು. ಒಂದು ಚೀಲ ಎಷ್ಟು ಕೈ ದಾಟಿದೆ ಅಂತ ಅದರ ಮೈಮೇಲಿನ ಕಲೆಗಳೇ ಹೇಳುತ್ತವೆ. 2015ರಲ್ಲಿ ವೆನಿಸ್‌ನಲ್ಲಿ ಒಂದು ಉದ್ದನೆಯ ದಾರಿಯ ಎರಡೂ ಗೋಡೆಗೆ ಇದನ್ನು ಇಳಿಬಿಟ್ಟಿದ್ದರು.

ನಮ್ಮ ಕಲಾವಿದರು ಮಹಾಮ ಅವರನ್ನು ನಕಲು ಮಾಡಿದ್ದಾರಾ ಅಂತ ಬೆಳಿಗ್ಗೆ ಒಬ್ಬರು ಕೇಳಿದರು. ಹಾಗೆ ನನಗೆ ಅನ್ನಿಸಲಿಲ್ಲ. ವಸ್ತು ಒಂದೇ ಆದರೂ ಹೋಗಿರುವ ದಾರಿ ಬೇರೆ. ಇಲ್ಲಿನ ಚೀಲದ ಒಳಮೈಯನ್ನು ಹೊರಗೆ ತಿರುಗಿಸಿ ಹೊಲಿದಿದ್ದಾರೆ. ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಮೂಡಿವೆ. ಕಾಫಿಯ ದರವನ್ನು ನಾವು 50 ಕೆ.ಜಿ. ಚೀಲದ ಲೆಕ್ಕದಲ್ಲೇ ಮಾತಾಡುತ್ತೇವೆ. ದರ ಏರಿದ ವರ್ಷ, ಬಿದ್ದ ವರ್ಷ ಅಂತ ಊರಿನ ನೆನಪೇ ಚೀಲದ ಮೇಲೆ ನಿಂತಿದೆ. ಅದೇ ಚೀಲವನ್ನು ಬೆನ್ನ ಮೇಲೆ ಹೊತ್ತವರು ದರ ಮಾತಾಡುವವರಲ್ಲ. ಹೊತ್ತವರ ಬೆನ್ನಿಗೆ ತಾಗುವುದು ಚೀಲದ ಯಾವ ಮೈ, ಮಂಡಿಯವನಿಗೆ ಕಾಣುವುದು ಯಾವ ಮೈ, ಯೋಚಿಸಿ ನೋಡಿ. ಈ ಪ್ರದರ್ಶನದಲ್ಲಿ ನನ್ನನ್ನು ಜಾಸ್ತಿ ಹಿಡಿದು ನಿಲ್ಲಿಸಿದ್ದು ಇದೇ.

ಹಳೇ ಮಾಧ್ಯಮಗಳ ಬಗ್ಗೆಯೂ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಬಣ್ಣ, ಕಾಗದ ಅಂದರೆ ಹಳತು, ವಿಡಿಯೋ ಅಂದರೆ ಹೊಸತು ಅನ್ನುವ ಎಣಿಕೆ ನನಗೆ ಒಪ್ಪಿಗೆ ಇಲ್ಲ. ಜಲವರ್ಣವೂ ಒಂದು ವಸ್ತುವೇ. ಒಳಗಿರುವ ಗಿರಿಶ್ರೇಣಿಯ ಚಿತ್ರದಲ್ಲಿ ಮಂಜು ಎಲ್ಲಿದೆ ನೋಡಿ. ಅಲ್ಲಿ ಬಿಳಿ ಬಣ್ಣ ಹಚ್ಚಿಲ್ಲ, ಕಾಗದವನ್ನೇ ಬಿಟ್ಟಿದ್ದಾರೆ. ಎಲ್ಲಿ ಕೈ ಹಾಕಬಾರದು ಅಂತ ಮೊದಲೇ ತಿಳಿದಿರಬೇಕು, ಆಮೇಲೆ ತಿದ್ದಲು ಆಗುವುದಿಲ್ಲ. ಕೆ. ವೆಂಕಟಪ್ಪನವರು (1886–1965) ಊಟಿ, ಕೊಡೈಕೆನಾಲ್‌ನ ಬೆಟ್ಟಗಳನ್ನು ಜಲವರ್ಣದಲ್ಲಿ ಬರೆದದ್ದನ್ನು ಬೆಂಗಳೂರಿಗೆ ಹೋದಾಗ ನೋಡಿ. ಅದೇ ವೆಂಕಟಪ್ಪನವರು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಉಬ್ಬುಶಿಲ್ಪ ಮಾಡಿದರು, ವೀಣೆ ಶೇಷಣ್ಣನವರಲ್ಲಿ ವೀಣೆಯನ್ನೂ ಕಲಿತರು. ಬೇರೆ ಬೇರೆ ಮಾಧ್ಯಮದಲ್ಲಿ ಕೈ ಆಡಿಸುವುದು ನಮ್ಮಲ್ಲಿ ನಿನ್ನೆ ಮೊನ್ನೆ ಶುರುವಾದದ್ದಲ್ಲ.

ಮರದ ಅಚ್ಚಿನ ಚಿತ್ರಗಳನ್ನು ಸಿಲ್ವರ್ ಓಕ್ ಹಲಗೆಯಿಂದ ತೆಗೆದಿದ್ದಾರೆ. ಮೆಣಸಿನ ಬಳ್ಳಿ ಹಬ್ಬಿಸಿದ ಮರ. ಅದರ ಎಳೆ ಶಾಯಿಯಲ್ಲಿ ಹಾಗೇ ಮೂಡಿದೆ. ಕಲಾವಿದೆ ಮಳೆಯನ್ನು ಬೇರೆಯಾಗಿ ಕೆತ್ತಿಲ್ಲ, ಮರದ ಎಳೆಯನ್ನೇ ಮಳೆಯಾಗಿಸಿದ್ದಾರೆ. ಹತ್ತಿರ ಹೋಗಿ ನೋಡಿ.

ಫೋಟೋ ಬಗ್ಗೆ: "ಬಟನ್ ಒತ್ತಿದರೆ ಬರುತ್ತೆ, ಅದೆಂಥ ಕಲೆ" ಅನ್ನುವವರು ಇನ್ನೂ ಇದ್ದಾರೆ. ಅವರಿಗೆ ಎನ್. ಪುಷ್ಪಮಾಲಾ ಅವರ ಕೆಲಸ ತೋರಿಸಬೇಕು. ಬೆಂಗಳೂರಿನವರು, ಮೊದಲು ಶಿಲ್ಪಿ. 2000ದಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ ಸೇರಿ ದಕ್ಷಿಣ ಭಾರತದ ಹೆಣ್ಣುಗಳ ಸಿದ್ಧಮಾದರಿಯ ಚಿತ್ರಗಳನ್ನು ಫೋಟೋದಲ್ಲಿ ಮತ್ತೆ ಕಟ್ಟಿದರು. ವೇಷ ಹಾಕಿ ಕ್ಯಾಮೆರಾ ಮುಂದೆ ನಿಂತವರು ಅವರೇ. ಅದರಲ್ಲಿ ರವಿವರ್ಮನ ಲಕ್ಷ್ಮಿಯೂ ಇದೆ. ನಮ್ಮ ದೇವರ ಕೋಣೆಯ ಕ್ಯಾಲೆಂಡರ್‌ನಲ್ಲಿದ್ದ ಅದೇ ಲಕ್ಷ್ಮಿ. ರವಿವರ್ಮನ ಮುದ್ರಣಾಲಯ 1894ರಲ್ಲಿ ಶುರುವಾದ ಮೇಲೆ ಆ ಮುಖ, ಆ ಸೀರೆಯ ನಿರಿಗೆ ಮನೆಮನೆಗೆ ಬಂದು, ದೇವಿ ಹೀಗೇ ಇರುತ್ತಾಳೆ ಅಂತ ನಾವು ನಂಬಿದೆವು. ಪುಷ್ಪಮಾಲಾ ಆ ಜಾಗದಲ್ಲಿ ನಿಜವಾದ ಒಬ್ಬ ಹೆಣ್ಣಾಗಿ ನಿಂತಾಗ, ಹಿಂದಿನ ಪರದೆ ಬಣ್ಣ ಬಳಿದದ್ದು ಅಂತ ಗೊತ್ತಾಗುತ್ತದೆ. ಇದನ್ನು ತೈಲವರ್ಣದಲ್ಲಿ ಬರೆದಿದ್ದರೆ ಇನ್ನೊಂದು ಲಕ್ಷ್ಮಿ ಚಿತ್ರ ಸಿಗುತ್ತಿತ್ತು, ಅಷ್ಟೇ. ಫೋಟೋ ಆದ್ದರಿಂದಲೇ ಒಬ್ಬ ಮನುಷ್ಯಳು ಉಸಿರು ಬಿಗಿಹಿಡಿದು ನಿಂತಿದ್ದಾಳೆ ಅನ್ನುವುದು ಕಾಣುತ್ತದೆ.

ವಿಡಿಯೋ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಳಗೆ ಹೋಗಿ, ಪೂರ್ತಿ ನೋಡಿ. ಬಾಗಿಲಲ್ಲೇ ನಿಂತು ಇಣುಕಿ ಬರುವವರೇ ಹೆಚ್ಚು. ವಿಡಿಯೋದ ವಸ್ತು ಹೊತ್ತು. ನಮ್ಮ ಹೊತ್ತು ಕೊಡದೆ ಅದು ಕಾಣುವುದಿಲ್ಲ.

ಈಗ ಸಮೂಹ ಪ್ರದರ್ಶನದ ವಿಷಯ. ಒಬ್ಬರದೇ ಪ್ರದರ್ಶನ ಆದರೆ ನಾಲ್ಕನೇ ಚಿತ್ರಕ್ಕೆ ಬರುವ ಹೊತ್ತಿಗೆ ಅವರ ಕೈ ನಮಗೆ ಪರಿಚಯ ಆಗಿರುತ್ತದೆ. ಇಲ್ಲಿ ಪ್ರತಿ ಗೋಡೆಗೂ ಹೊಸದಾಗಿ ಶುರು ಮಾಡಬೇಕು. ಅದು ಕಷ್ಟವೂ ಹೌದು, ಲಾಭವೂ ಹೌದು. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರ ಲಕ್ಷ್ಮೀನರಸಿಂಹ ದೇವಸ್ಥಾನ ಇದೆ. ಅದರ ಗೋಡೆಗಳಲ್ಲಿ ಒಂದು ಪಕ್ಕ ಬೈಚೋಜನ ಕೆಲಸ, ಇನ್ನೊಂದು ಪಕ್ಕ ಮಲ್ಲಿತಮ್ಮನ ಕೆಲಸ. ಹೆಸರು ಕೆತ್ತಿಟ್ಟಿದ್ದಾರೆ. ಕಲ್ಲು ಒಂದೇ, ದೇವರು ಒಂದೇ, ಅಳತೆಯೂ ಒಂದೇ. ಹಾಗಾಗಿ ಇಬ್ಬರ ಕೈಯ ವ್ಯತ್ಯಾಸ ಪಕ್ಕಪಕ್ಕ ಇಟ್ಟಾಗ ಕಾಣುತ್ತದೆ. ಅದೇ ಮಲ್ಲಿತಮ್ಮ ಚಿಕ್ಕ ವಯಸ್ಸಿನಲ್ಲಿ ಕೆಲಸ ಶುರು ಮಾಡಿದ್ದು ನಮ್ಮ ಜಿಲ್ಲೆಯ ಅಮೃತಾಪುರದ ದೇವಸ್ಥಾನದಲ್ಲಿ ಅಂತ ಹೇಳುತ್ತಾರೆ. ತರೀಕೆರೆ ಕಡೆ ಹೋದಾಗ ಅಲ್ಲಿನ ಮಂಟಪದಲ್ಲಿ ತಲೆ ಎತ್ತಿ ನೋಡಿ.

ನಮ್ಮ ಪ್ರದರ್ಶನ ಇದಕ್ಕೆ ತಿರುಗುಮುರುಗು. ಇಲ್ಲಿ ವಸ್ತು ಬೇರೆ ಬೇರೆ, ಊರು ಒಂದೇ. ಗೋಣಿಯ ಪಕ್ಕದಲ್ಲಿ ಜಲವರ್ಣ ಇಟ್ಟಿರುವುದು ಸುಮ್ನೆ ಅಲ್ಲ. ಅದೇ ಬೆಟ್ಟ, ಅದೇ ತೋಟ. ಒಬ್ಬರು ದೂರ ನಿಂತು ನೋಡಿದ್ದಾರೆ, ಇನ್ನೊಬ್ಬರು ಚೀಲದ ಒಳಗಿನಿಂದ ನೋಡಿದ್ದಾರೆ. ಒಂದನ್ನು ನೋಡಿ ಮತ್ತೊಂದಕ್ಕೆ ವಾಪಸ್ ಹೋಗಿ. ಗಿರಿಯ ಚಿತ್ರ ಮೊದಲಿನಷ್ಟು ಪ್ರಶಾಂತವಾಗಿ ಉಳಿಯುವುದಿಲ್ಲ.

ಎಲ್ಲವೂ ಚೆನ್ನಾಗಿದೆ ಅಂತ ನಾನು ಹೇಳುವುದಿಲ್ಲ. ಕಾಫಿ ಡಿಕಾಕ್ಷನ್‌ನಲ್ಲಿ ಕಾಫಿ ಗಿಡದ ಚಿತ್ರ ಬರೆದ ಒಂದು ಸಾಲು ಇದೆ. ಕೈ ಚೆನ್ನಾಗಿದೆ, ರೇಖೆ ಪಳಗಿದೆ. ಆದರೆ ಅದನ್ನೇ ಕಂದು ಶಾಯಿಯಲ್ಲಿ ಬರೆದಿದ್ದರೂ ಏನೂ ಕಳೆದುಹೋಗುತ್ತಿರಲಿಲ್ಲ. ವಸ್ತು ಬರೀ ಸುದ್ದಿಯಾಗಿ ನಿಂತಿದೆ. ಕಾಫಿಯ ಕರೆ ಬೆಳಕಿಗೆ ಮಾಸುತ್ತದೆ, ಲೋಟದ ಅಡಿಯಲ್ಲಿ ಉಂಗುರವಾಗಿ ಕೂರುತ್ತದೆ, ಬಟ್ಟೆಗೆ ಬಿದ್ದರೆ ಬಿಡುವುದಿಲ್ಲ. ಆ ಗುಣಗಳನ್ನೇ ಹಿಡಿದಿದ್ದರೆ ಎಷ್ಟು ದೂರ ಹೋಗಬಹುದಿತ್ತು!

ಇನ್ನೊಂದು ತಕರಾರು ಲೇಬಲ್‌ಗಳ ಬಗ್ಗೆ. ಅರ್ಧಕ್ಕರ್ಧ ಕಡೆ 'ಮಿಶ್ರ ಮಾಧ್ಯಮ' ಅಂತ ಬರೆದು ಬಿಟ್ಟಿದ್ದಾರೆ. ನೋಡುವವರಿಗೆ ಇದರಿಂದ ಏನೂ ಸಿಗುವುದಿಲ್ಲ. 'ಹಳೇ ಗೋಣಿ, ಸೆಣಬಿನ ದಾರ, ಕೆಮ್ಮಣ್ಣು' ಅಂತ ಬರೆದರೆ ಆ ಮೂರು ಪದಕ್ಕೇ ಜನ ಇನ್ನೊಂದು ಹೆಜ್ಜೆ ಹತ್ತಿರ ಬರುತ್ತಾರೆ. ಎಲ್ಲಿಯದು, ಎಷ್ಟು ಹಳೆಯದು ಅಂತಲೂ ಬರೆಯಲಿ. ಎಲ್ಲವೂ ಕನ್ನಡದಲ್ಲಿ ಇರಲಿ.

ಜಾಗದ ಬಗ್ಗೆಯೂ ಯೋಚಿಸಬೇಕು. ಬೆಂಗಳೂರಿನಲ್ಲಿ ವೆಂಕಟಪ್ಪ ಚಿತ್ರಶಾಲೆ ಇದೆ, ಚಿತ್ರಕಲಾ ಪರಿಷತ್ತು ಇದೆ, 2003ರಿಂದ ಚಿತ್ರಸಂತೆ ನಡೆಯುತ್ತಿದೆ, 2009ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯೂ ಬಂತು. ಜಿಲ್ಲಾ ಊರುಗಳಲ್ಲಿ ಮದುವೆ ಇಲ್ಲದ ದಿನ ನೋಡಿ ಹಾಲ್ ಹಿಡಿಯಬೇಕು. ಆದರೆ ಕೊಚ್ಚಿಯಲ್ಲಿ ಒರಳುಕಲ್ಲು ಇಟ್ಟಿದ್ದು ಗ್ಯಾಲರಿಯಲ್ಲಿ ಅಲ್ಲ, ಆಸ್ಪಿನ್‌ವಾಲ್ ಕಂಪನಿಯ ಹಳೇ ಗೋದಾಮಿನಲ್ಲಿ. ಮಂಗಳೂರಿಗೆ ಕಾಫಿ ಕಳಿಸಿದ ತೋಟದವರಿಗೆ ಆ ಹೆಸರು ಹೊಸದಲ್ಲ. ಮೆಣಸು, ಕಾಫಿ, ನಾರು ತುಂಬಿದ್ದ ಕಟ್ಟಡವನ್ನು ಅವರು ಪ್ರದರ್ಶನಕ್ಕೆ ತೆರೆದರು. ನಮ್ಮಲ್ಲಿ ಕಾಫಿ ಬೀಜ ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್ ಇವೆ, ಗೋದಾಮುಗಳಿವೆ. ಎತ್ತರದ ಸೂರು, ದಪ್ಪ ಗೋಡೆ, ಲಾರಿ ಒಳಗೆ ಬರುವಷ್ಟು ಅಗಲದ ಬಾಗಿಲು. ಮುಂದಿನ ಪ್ರದರ್ಶನಕ್ಕೆ ಅಂಥದೊಂದನ್ನು ಕೇಳಿ ನೋಡಬಾರದಾ? ಮಾಲೀಕರಲ್ಲಿ ಕೆಲವರು ಈ ಸಭೆಯಲ್ಲೇ ಇದ್ದೀರಿ.

ನನ್ನ ಮಾತು ಇಷ್ಟು. ಆಮೇಲೆ ಬಂದ ಪ್ರಶ್ನೆಗಳಲ್ಲಿ ಮೂರು ಇಲ್ಲಿವೆ.

ಮುಟ್ಟಿ ನೋಡಬಹುದಾ ಅಂತ ಒಬ್ಬ ಹುಡುಗಿ ಕೇಳಿದಳು. ಕಾಗದ, ಜಲವರ್ಣ, ಫೋಟೋ ಮುಟ್ಟಬಾರದು. ಬೆರಳಿನ ಎಣ್ಣೆ ಅಂಟಿದರೆ ಹೋಗುವುದಿಲ್ಲ. ಗೋಣಿಯ ಒಂದು ತುಂಡನ್ನು ಮುಟ್ಟಲೆಂದೇ ಮೇಜಿನ ಮೇಲೆ ಇಡಬಹುದು ಅಂತ ಹೇಳಿದೆ. ಆಯೋಜಕರು ಸಂಜೆಯೇ ಇಟ್ಟರು.

ಮಲೆನಾಡಿನ ಮಳೆಗಾಲದಲ್ಲಿ ಇಂಥ ಕೆಲಸಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಹೇಗೆ ಅಂತ ಇನ್ನೊಬ್ಬರು ಕೇಳಿದರು. ಮಳೆ ಹೊಡೆಯುವ ಹೊರಗೋಡೆಗೆ ತೂಗುಹಾಕಬೇಡಿ, ಒಳಗೋಡೆ ಆರಿಸಿ. ಫ್ರೇಮಿನ ಹಿಂದೆ ನಾಲ್ಕು ಮೂಲೆಗೆ ಕಾರ್ಕಿನ ಚೂರು ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಆಡುತ್ತದೆ. ಗಾಜು ನೇರವಾಗಿ ಕಾಗದಕ್ಕೆ ತಾಗಬಾರದು, ನಡುವೆ ಮೌಂಟ್, ಅಂದರೆ ದಪ್ಪ ರಟ್ಟಿನ ಅಂಚು ಇರಲಿ. ಬೂಷ್ಟು ಕಂಡರೆ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಮೊದಲು ಒಣಗಲು ಬಿಡಿ, ಆಮೇಲೆ ಮೆತ್ತನೆಯ ಬ್ರಷ್.

ಕೊನೆಯ ಪ್ರಶ್ನೆ ಒಬ್ಬ ಕಾಲೇಜು ವಿದ್ಯಾರ್ಥಿಯದು. ಅವನಿಗೆ ಕಾಫಿ ಹಣ್ಣಿನ ಸಿಪ್ಪೆಯಿಂದ ಏನಾದರೂ ಮಾಡಬೇಕು ಅಂತ ಆಸೆ, ಎಲ್ಲಿಂದ ಶುರು ಮಾಡಲಿ ಅಂದ. ನಾನು ಹೇಳಿದ್ದು ಇಷ್ಟು: ಮೊದಲು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಗೆ ಹೋಗು. ಹಸಿ ಸಿಪ್ಪೆ ಒಂದು ರಾಶಿ, ಒಣಗಿದ್ದು ಒಂದು ರಾಶಿ ತೆಗೆದುಕೋ. ಒಂದನ್ನು ಬಿಸಿಲಿಗೆ ಇಡು, ಒಂದನ್ನು ನೆರಳಿಗೆ. ಯಾವಾಗ ಕಪ್ಪಾಗುತ್ತೆ, ಯಾವಾಗ ಹುಳಿ ವಾಸನೆ ಬರುತ್ತೆ, ಒತ್ತಿದರೆ ಅಂಟುತ್ತಾ, ಉದುರುತ್ತಾ, ಬರೆದಿಡು. ಅಲ್ಲಿ ಕೆಲಸ ಮಾಡುವವರನ್ನೂ ಕೇಳು, ಆ ಸಿಪ್ಪೆ ಇಷ್ಟು ವರ್ಷ ಎಲ್ಲಿಗೆ ಹೋಗುತ್ತಿತ್ತು ಅಂತ. ಏನು ಮಾಡಬೇಕು ಅನ್ನುವುದನ್ನು ಜೂನ್ ಕಳೆದ ಮೇಲೆ ಕೂತು ಮಾತಾಡೋಣ.